ಅಕ್ಕನ ಪಾಲಿನ ಬಟ್ಟಲು

ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ ನಮ್ಮ ಕಡೆ ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎನ್ನುತ್ತಾರೆ. ಬೇಯಿಸಿದರೆ ನೇರಳೆ ಬಣ್ಣ ಬಿಡುತ್ತದೆ. ಮರುದಿನ ಬೆಳಿಗ್ಗೆ ಊರಿಗೆ ಊರೇ ಬಗ್ಗಿ ನೋಡಿಕೊಂಡು, ಉಚ್ಚೆ ಕೆಂಪಗೆ ಹೋಯಿತು, ಮದ್ದು ಹಿಡಿಯಿತು ಎಂದು ಸಂತೋಷಪಡುತ್ತದೆ. ಆ ವರ್ಷ ನನಗೆ ಅದರ ಯಾವ ಉತ್ಸಾಹವೂ ಇರಲಿಲ್ಲ. ಅಕ್ಕ ಅಡುಗೆಮನೆ ಹಿಡಿದು ಎರಡು ದಿನವಾಗಿತ್ತು. ಒಲೆಯ ಹತ್ತಿರ ನನ್ನನ್ನು ಸುಳಿಯಲೂ ಬಿಡುತ್ತಿರಲಿಲ್ಲ.

ನಮ್ಮದು ಮೂವರು ಹೆಂಗಸರ ಮನೆ. ಅವ್ವ ಬೋಜಮ್ಮ, ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ, ಜೊತೆಗೆ ಹೃದಯಕ್ಕೆ ಎರಡು ಮಾತ್ರೆ. ಅಕ್ಕ ನಿಶ್ಮಿತಾ, ನಲವತ್ತೊಂದು. ಶ್ರೀಮಂಗಲದ ಕಡೆಗೆ ಮದುವೆಯಾಗಿ ಹೋದವಳು ಹನ್ನೊಂದು ವರ್ಷದ ಹಿಂದೆ ಒಂದು ಬ್ಯಾಗು ಹಿಡಿದುಕೊಂಡು ವಾಪಸ್ ಬಂದಳು. ನಾನು ರಶ್ಮಿತಾ, ಮೂರ್ನಾಡಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದೇನೆ. ಮದುವೆಯಾಗಿಲ್ಲ. ಅದಕ್ಕೆ ಅಕ್ಕ ಕಾರಣವಲ್ಲ, ಆದರೆ ಊರಿನವರಿಗೆ ಅಕ್ಕನೇ ಕಾರಣ ಎಂದರೆ ಸಮಾಧಾನ, ಹಾಗಾಗಿ ನಾನು ತಿದ್ದಲು ಹೋಗುವುದಿಲ್ಲ.

ಅಕ್ಕನಿಗೆ ಏನಾಗಿದೆ ಎಂದು ಕೇಳುವವರಿಗೆ ಏನು ಹೇಳಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲನೆಯ ಡಾಕ್ಟರು ಖಿನ್ನತೆ ಎಂದರು. ಎರಡನೆಯವರು, ಇಲ್ಲ, ಇದು ಒಮ್ಮೆ ಏರುವ ಒಮ್ಮೆ ಇಳಿಯುವ ಕಾಯಿಲೆ ಎಂದರು. ಕೈ ತೊಳೆಯುವ ಗೀಳು ಬೇರೆ, ಊಟದಲ್ಲಿ ಯಾರೋ ಏನೋ ಹಾಕುತ್ತಾರೆ ಎಂಬ ಸಂಶಯ ಬೇರೆ. ಮೂರನೆಯವರು ಎಲ್ಲ ಕೇಳಿಸಿಕೊಂಡು, ಎರಡು ಮೂರು ಒಟ್ಟಿಗೆ ಇರಬಹುದು, ಒಂದರ ಮೇಲೆ ಒಂದು ಹಾಸಿಕೊಂಡಿವೆ, ನೋಡೋಣ ಎಂದರು. ಹನ್ನೊಂದು ವರ್ಷದಿಂದ ಎಲ್ಲರೂ ನೋಡೋಣ ಎನ್ನುತ್ತಾರೆ. ದಿನಾ ನೋಡುವವಳು ನಾನು.

ಅವಳು ಇಡೀ ಲೋಕದಲ್ಲಿ ನಂಬುತ್ತಿದ್ದುದು ನನ್ನ ಕೈಯಡುಗೆಯನ್ನು ಮಾತ್ರ. ಅವ್ವ ಕೊಟ್ಟ ನೀರನ್ನೂ ಮೂಸಿ ನೋಡುತ್ತಿದ್ದವಳು ನಾನು ಕೊಟ್ಟ ಅನ್ನವನ್ನು ತಲೆಯೆತ್ತದೆ ಉಣ್ಣುತ್ತಿದ್ದಳು. ಹಿಂದೊಮ್ಮೆ ಆ ನಂಬಿಕೆ ಕೆಲವು ದಿನ ಕೈಕೊಟ್ಟಿತ್ತು. ಆಗ ಒಂಬತ್ತು ದಿನ ಏನೂ ಮುಟ್ಟದೆ, ಕೊನೆಗೆ ಇಬ್ಬರು ಗಂಡಸರು ಹಿಡಿದು ಆಸ್ಪತ್ರೆಗೆಂದು ಜೀಪಿಗೆ ಹತ್ತಿಸಬೇಕಾಯಿತು. ಅವಳು ಅಂದು ಜೀಪಿನ ಬಾಗಿಲು ಹಿಡಿದುಕೊಂಡು ನನ್ನನ್ನು ನೋಡಿದ್ದನ್ನು ನಾನು ಮರೆತಿಲ್ಲ. ಇನ್ನೊಮ್ಮೆ ಹಾಗಾಗಬಾರದು ಎಂಬುದೊಂದೇ ನನ್ನ ಹಟ.

ಹಾಗಿದ್ದರೂ ಕಳೆದ ಡಿಸೆಂಬರಿನಲ್ಲಿ ಪುತ್ತರಿ ಹಬ್ಬ ಮುಗಿದ ವಾರ ನಾನು ಆ ಕೆಲಸ ಮಾಡಿದೆ. ಅವಳು ನುಂಗಿದಂತೆ ಮಾಡಿದ ಮಾತ್ರೆಗಳೆಲ್ಲ ಬಚ್ಚಲೊಲೆಯ ಬೂದಿಯಲ್ಲಿ ಸಿಕ್ಕವು. ಡಾಕ್ಟರಿಗೆ ಹೇಳಿದೆ. ಹನಿಹನಿಯಾಗಿ ಹಾಕುವ ಔಷಧಿ ಬರೆದುಕೊಟ್ಟರು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹೇಳದೆ ಕೊಡುವುದು ಸರಿಯಲ್ಲ, ಸ್ವಲ್ಪ ಸಮಾಧಾನವಾದ ಕೂಡಲೇ ನೀವೇ ಅವರಿಗೆ ಹೇಳಬೇಕು ಎಂದು ಎರಡು ಸಲ ಹೇಳಿದರು. ಆಯ್ತು ಸರ್ ಎಂದೆ. ದಿನಾ ಬೆಳಿಗ್ಗೆ ಅವಳ ಕಾಫಿಗೆ ಎರಡು ಮಿಲಿ. ಒಂದು ತಿಂಗಳಿಗೇ ಅವಳು ರಾತ್ರಿ ಗೋಡೆಯೊಂದಿಗೆ ಮಾತಾಡುವುದು ನಿಂತಿತು. ನಾಪೋಕ್ಲಿನ ಒಂದು ಮದುವೆಗೆ ಬಂದು ಊಟದ ಸಾಲಿನಲ್ಲಿ ಕುಳಿತಳು, ಹಂದಿಮಾಂಸದ ಪಂದಿಕರಿಗೆ ಹುಳಿ ಕಡಿಮೆ ಎಂದು ಅಡುಗೆಯವನಿಗೇ ಹೇಳಿದಳು. ಅವಳು ನಗುವುದನ್ನು ನೋಡಿ, ನಾಳೆ ಹೇಳಿದರಾಯಿತು ಎಂದುಕೊಂಡೆ. ಹಾಗೆ ಎಂಟು ತಿಂಗಳಾಯಿತು.

ಆಟಿಯಲ್ಲಿ ಮೆಡಿಕಲಿನವನು ಸ್ಟಾಕ್ ಇಲ್ಲ ಎಂದ. ಆರು ದಿನ ಔಷಧಿ ಸಿಗಲಿಲ್ಲ. ನಾಲ್ಕನೆಯ ದಿನಕ್ಕೆ ಅಕ್ಕನ ನಿದ್ದೆ ಹೋಯಿತು. ಐದನೆಯ ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಂಗಳಕ್ಕೆ ಹಾಕಿ ತೊಳೆದಳು, ಬೇಳೆಯನ್ನೂ ತೊಳೆದು ಹರವಿದಳು. ಮಾತು, ಮಾತು, ಮಾತು. ಏಳನೆಯ ದಿನವೇ ಆಟಿ ಹದಿನೆಂಟು. ಹಿಂದಿನ ಸಂಜೆ ಬಾಟಲಿ ನನ್ನ ಕೈಗೆ ಬಂದಿತ್ತು, ಆದರೆ ಕಾಫಿ ಮಾಡುವ ಅಧಿಕಾರ ಕೈತಪ್ಪಿತ್ತು. ಅವಳು ಜಾರಲು ಶುರುಮಾಡಿದರೆ ಪೂರ್ತಿ ಕೈಮೀರಲು ಎರಡು ಮೂರು ದಿನವೂ ಬೇಡ. ಆ ಬೆಳಿಗ್ಗೆ ಹೇಗಾದರೂ ಅವಳ ಹೊಟ್ಟೆಗೆ ಔಷಧಿ ಹೋಗಲೇಬೇಕಿತ್ತು.

ಬೆಳಿಗ್ಗೆ ಐದಕ್ಕೇ ಅವಳು ತೋಟದ ಬದಿಯಿಂದ ಎರಡು ಹೊರೆ ಸೊಪ್ಪು ಕೊಯ್ದು ತಂದಿದ್ದಳು. ನಾನು ಎದ್ದಾಗ ನಲ್ಲಿಯ ಕೆಳಗೆ ಕುಳಿತು ಒಂದೊಂದೇ ಎಲೆಯನ್ನು ಏಳೇಳು ಸಲ ತೊಳೆಯುತ್ತಿದ್ದಳು.

"ಅಕ್ಕಾ, ಮೂರು ಜನಕ್ಕೆ ಇಷ್ಟು ಸೊಪ್ಪು ಎಂತಕ್ಕೆ?"

"ಮೂರು ಜನಕ್ಕಾ? ತೋಟದ ಲೈನಿನ ಕೆಲ್ಸದವ್ರಿಗೆ ಉಂಟು, ಪಕ್ಕದ್ಮನೆ ಮುತ್ತಿಗೆ ಉಂಟು, ಬಸ್ಸಿನವ್ರಿಗೂ ಕೊಡುವ. ಎಲ್ರಿಗೂ ಮದ್ದು ಬೇಕಲ್ಲ?"

"ನಾ ಕಾಫಿ ಮಾಡ್ಲಾ ನಿಂಗೆ?"

"ಬೇಡ. ಇವತ್ತು ಖಾಲಿ ಹೊಟ್ಟೆಗೆ ಮೊದ್ಲು ಪಾಯಸ. ನೀ ಒಳಗೆ ಬರ್ಬೇಡ, ಕಾಲು ತೊಳ್ದಿಲ್ಲೆ ನೀನು."

ಕಾಲು ತೊಳೆದು ಬಂದೆ. ಕೈ ತೊಳೆದಿಲ್ಲ ಎಂದಳು. ಕೈ ತೊಳೆದೆ. ಸೋಪು ಹಾಕಿಲ್ಲ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಹೇಳಿದರೆ ಇನ್ನೊಂದು ಗಂಟೆ ತೊಳೆಯುವುದು ಹೆಚ್ಚಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡು ಬಾಗಿಲ ಬಳಿ ನಿಂತೆ. ನೈಟಿಯ ಜೇಬಿನಲ್ಲಿ ಬಾಟಲಿ ಇತ್ತು. ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಎಂಟು ಗಂಟೆಗೆ ಪಾಯಸವಾಯಿತು. ಅಕ್ಕಿ, ತೆಂಗಿನಹಾಲು, ಬೆಲ್ಲ, ಮೇಲೆ ತುಪ್ಪ. ಚೆನ್ನಾಗಿಯೇ ಮಾಡಿದ್ದಳು, ಅವಳ ಕೈರುಚಿಗೆ ನಾನು ಎಂದೂ ಸಮನಲ್ಲ. ಹಿರಿಯರಿಗೆಂದು ಎಲೆಯಲ್ಲಿ ಒಂದಿಷ್ಟು ಇಟ್ಟು, ನಮಗೆ ಮೂರು ಸ್ಟೀಲ್ ಬಟ್ಟಲುಗಳಲ್ಲಿ ಬಡಿಸಿದಳು. ಆಮೇಲೆ ಮತ್ತೆ ಕೈ ತೊಳೆಯಲು ನಲ್ಲಿಗೆ ಹೋದಳು. ಒಮ್ಮೆ ಹೋದರೆ ಮೂರು ನಿಮಿಷ ಖಂಡಿತ. ನನಗೆ ಸಿಕ್ಕಿದ ಸಮಯ ಅದೇ.

ಅವಳು ಕೂರುವ ಜಾಗದ ಮುಂದಿದ್ದ ಬಟ್ಟಲಿಗೆ ಔಷಧಿ ಬಿಟ್ಟೆ. ಆಗ ಪ್ರಮಾಣ ಮೂರು ಮಿಲಿ ಆಗಿತ್ತು. ಆರು ದಿನ ತಪ್ಪಿದೆ ಎಂದು ನಾನೇ ಬುದ್ಧಿವಂತಿಕೆ ಮಾಡಿ ಆರು ಬಿಟ್ಟೆ. ಯಾರನ್ನೂ ಕೇಳಲಿಲ್ಲ. ಬೆರಳಿನಿಂದಲೇ ಕಲಸಿದೆ. ಅವ್ವ ಎಲ್ಲ ನೋಡಿದರೂ ದೇವರ ದೀಪದ ಕಡೆಗೆ ಮುಖ ತಿರುಗಿಸಿದಳು. ಎಂಟು ತಿಂಗಳಿಂದ ಅವ್ವನಿಗೆ ಆ ದೀಪದಲ್ಲಿ ಬಹಳ ಕೆಲಸ.

ಅಕ್ಕ ಕೈ ಒರೆಸಿಕೊಂಡು ಬಂದು ಕುಳಿತಳು. ಮೂರು ಬಟ್ಟಲನ್ನೂ ನೋಡಿದಳು. "ಅವ್ವಂಗೆ ತುಪ್ಪ ಕಡಿಮೆ ಆತಲ್ಲ," ಎಂದಳು. ನಾನು ಕೈ ಚಾಚುವಷ್ಟರಲ್ಲಿ ತನ್ನ ಬಟ್ಟಲನ್ನು ಅವ್ವನ ಮುಂದೆ ಇಟ್ಟು, ಅವ್ವನದನ್ನು ತಾನು ಎಳೆದುಕೊಂಡಳು.

ಅವ್ವ ಚಮಚ ಎತ್ತಿಕೊಂಡು ನನ್ನ ಮುಖ ನೋಡಿದಳು. ಆ ಹೃದಯಕ್ಕೆ ಇಷ್ಟು ಔಷಧಿ ಬಿದ್ದರೆ ಏನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

"ಅವ್ವಾ, ಅದು ಇತ್ತ ಕೊಡು. ಶುಗರ್ ಮುನ್ನೂರು ಉಂಟು ನಿಂಗೆ. ತುಪ್ಪ, ಬೆಲ್ಲ ಎಲ್ಲ ಅದ್ರಲ್ಲೇ ಉಂಟು."

ನನ್ನ ಬಟ್ಟಲನ್ನು ಅವ್ವನಿಗೆ ಕೊಟ್ಟು ಅದನ್ನು ನನ್ನ ಕಡೆಗೆ ಎಳೆದುಕೊಂಡೆ. ಎದ್ದು ಹಿತ್ತಲಿಗೆ ಹೋಗಿ ಚೆಲ್ಲೋಣ ಎಂದು ಕಾಲೂರಿದೆ.

"ಎಲ್ಲಿಗೆ?" ಅಕ್ಕ ಕೇಳಿದಳು. "ಮದ್ದನ್ನು ಕೂತು ತಿನ್ನೋದು. ಇಲ್ಲೇ ತಿನ್ನು, ನನ್ನೆದುರಿಗೆ."

ಅವಳ ಕಣ್ಣು ಆಗಲೇ ಚೂಪಾಗುತ್ತಿತ್ತು. ನಾನು ತಿನ್ನದಿದ್ದರೆ ಅವಳು ಕೇಳುವ ಮುಂದಿನ ಪ್ರಶ್ನೆ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೂತು ತಿಂದೆ. ಇಡೀ ಬಟ್ಟಲು ಖಾಲಿ ಮಾಡಿದೆ. ಹಸಿವಾ ಎಂದು ಅವಳು ನಕ್ಕಳು. ನಾನೂ ನಕ್ಕೆ. ಅವ್ವ ನಗಲಿಲ್ಲ.

ವಾಂತಿ ಮಾಡಲು ನೋಡಿದೆ, ಆಗಲಿಲ್ಲ. ಅಂಗಡಿಗೆ ರಜೆ ಹೇಳಿ, ಮನೆಯ ಹೊಲಿಗೆ ಯಂತ್ರದ ಮುಂದೆ ಕುಳಿತೆ, ಒಂದು ರವಿಕೆಗೆ ತೋಳು ಕೂರಿಸುವುದಿತ್ತು. ಒಂಬತ್ತೂವರೆಗೆ ನಾಲಿಗೆ ದಪ್ಪವಾಯಿತು. ಕಣ್ಣು ಎಳೆಯಿತು. ಒಂದು ಗಂಟೆ ಮಲಗಿದರೆ ಹೋಗುತ್ತದೆ ಎಂದುಕೊಂಡು ಮಲಗಿದೆ. ಮಲಗಲು ಬಿಡಲಿಲ್ಲ. ಕಾಲಿನಲ್ಲಿ ಏನೋ ಶುರುವಾಯಿತು. ನೋವಲ್ಲ, ನಡುಕವೂ ಅಲ್ಲ. ಮಡಿಚಿದರೆ ಚಾಚಬೇಕು, ಚಾಚಿದರೆ ಏಳಬೇಕು. ಎದ್ದು ಯಂತ್ರಕ್ಕೆ ಕೂತರೆ ಪಾದ ಪೆಡಲನ್ನು ತಾನೇ ತುಳಿಯತೊಡಗಿತು. ಬಟ್ಟೆ ಇಲ್ಲದೆ ಸೂಜಿ ಸುಮ್ಮನೆ ಓಡಿತು. ಇಪ್ಪತ್ತು ವರ್ಷದಿಂದ ಅದೇ ಪೆಡಲಿನ ಮೇಲೆ ಬದುಕಿದ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಅಳು ಬಂತು, ಅಳುವುದಕ್ಕೂ ಒಂದು ಕಡೆ ನಿಲ್ಲಲಾಗಲಿಲ್ಲ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಓಡಾಡಿದೆ.

ಅಕ್ಕ ಪಾತ್ರೆ ತೊಳೆಯುತ್ತಿದ್ದವಳು ನನ್ನನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ನಿಲ್ಲದ ಅವಳ ಮಾತು ನಿಂತಿತ್ತು.

"ಎಂತ, ನಿಂಗೂ ಬಂತಾ?" ಎಂದಳು.

"ಎಂತದು?"

"ಕಾಲಿಗೆ ಹೋಗ್ಬೇಕು ಅನ್ಸ್ತದೆ, ಎಲ್ಲಿಗೆ ಅಂತ ಗೊತ್ತಿಲ್ಲೆ. ಕೂತ್ರೆ ಎದೆಗೆ ಏರ್ತದೆ. ಚರ್ಮ ಬಿಚ್ಚಿ ಇಟ್ಟು ಓಡುವ ಅನ್ಸ್ತದೆ. ಹೌದಾ?"

ಹೌದು ಎಂದು ತಲೆಯಾಡಿಸಿದೆ. ಅದನ್ನು ಅಷ್ಟು ಸರಿಯಾಗಿ ನನಗೇ ಹೇಳಲು ಬರುತ್ತಿರಲಿಲ್ಲ.

"ಮನೆಯೊಳಗೆ ಸಾಲೋದಿಲ್ಲೆ. ಕಣಕ್ಕೆ ಬಾ."

ಕಾಫಿ ಒಣಗಿಸುವ ಕಣ ನಮ್ಮ ಮನೆಯ ಪಕ್ಕದಲ್ಲೇ ಇದೆ. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಅಕ್ಕ ನನ್ನ ಮೊಣಕೈ ಹಿಡಿದು ಒಂದು ಅಂಚಿನಲ್ಲಿ ನಡೆಸಿದಳು. ಅಲ್ಲಿ ಪಾಚಿ ಇರಲಿಲ್ಲ. ಒಂದಡಿ ಅಗಲಕ್ಕೆ ಈ ತುದಿಯಿಂದ ಆ ತುದಿಯವರೆಗೆ ಸಿಮೆಂಟು ಬೆಳ್ಳಗಿತ್ತು. ಅವಳೇ ನಡೆದು ನಡೆದು ಸವೆಸಿದ ದಾರಿ ಅದು.

ಆ ದಾರಿ ನನಗೆ ಹೊಸದಲ್ಲ. ಡಾಕ್ಟರಿಗೆ ಹೇಳಲೆಂದು ನಾನೊಂದು ಪುಸ್ತಕ ಇಟ್ಟಿದ್ದೆ. 'ಬೆಳಿಗ್ಗೆ ಹತ್ತರಿಂದ ಕಣದಲ್ಲಿ ಓಡಾಟ. ಕರೆದರೆ ನಿಲ್ಲುವುದಿಲ್ಲ. ಕೇಳಿದರೆ ಉತ್ತರವಿಲ್ಲ.' ಫೆಬ್ರವರಿಯಿಂದ ಹೆಚ್ಚುಕಡಿಮೆ ದಿನಾ ಬರೆದಿದ್ದೆ. ಒಮ್ಮೆ ಕರೆದುಕೊಂಡು ಬನ್ನಿ, ನಾನೇ ಅವರ ಹತ್ತಿರ ಕೇಳುತ್ತೇನೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಬರುವುದಿಲ್ಲ ಸರ್, ಕಾಯಿಲೆ ಜಾಸ್ತಿಯಾಗಿದೆ ಎಂದು ನಾನು ಹೇಳಿದೆ. ಹಾಗೆ ಎರಡು ಮಿಲಿ ಮೂರಾಗಿತ್ತು. ಅವಳ ಕಾಲು ಇನ್ನೂ ಜೋರಾಗಿ ಓಡಿತ್ತು. ನಾನು ಅದನ್ನೂ ಬರೆದಿದ್ದೆ.

ಈಗ ಅದೇ ದಾರಿಯಲ್ಲಿ ನಾನು ಓಡಾಡುತ್ತಿದ್ದೆ. ಕಾಯಿಲೆ ಎಂದು ನಾನು ಬರೆದದ್ದೆಲ್ಲ ನಾನೇ ಕೊಟ್ಟ ಔಷಧಿಯಿಂದ ಬಂದದ್ದು ಎಂಬುದು ಒಂದೊಂದು ಹೆಜ್ಜೆಗೂ ತಿಳಿಯುತ್ತಾ ಬಂತು. ತಿಳಿದರೂ ಕಾಲು ನಿಲ್ಲಲಿಲ್ಲ.

ಅಕ್ಕ ಜೊತೆಯಲ್ಲೇ ನಡೆಯುತ್ತಾ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದಳು.

"ನಂಗೆ ಇದು ಬಂದದ್ದು ಪುತ್ತರಿ ಕಳ್ದ ಮೇಲೆ. ಅದಕ್ಕಿಂತ ಮೊದ್ಲು ಇರ್ಲಿಲ್ಲೆ. ಈಗ ಆರು ದಿನ ಆತ್, ಇಲ್ಲೆ. ನಿದ್ದೆ ಇಲ್ಲೆ, ಆದ್ರೆ ಕಾಲು ಸುಮ್ನೆ ಉಂಟು. ಇವತ್ತು ನಿಂಗೆ ಬಂತು."

ನಾನು ಹೆಜ್ಜೆ ಜೋರು ಮಾಡಿದೆ.

"ಇವತ್ತು ನೀ ನನ್ನ ಬಟ್ಲು ತಿಂದೆ."

ಅವಳು ನಿಂತಳು. ನನಗೆ ನಿಲ್ಲಲಾಗಲಿಲ್ಲ. ಮುಂದಿನ ತುದಿಗೆ ಹೋಗಿ ತಿರುಗಿ ಅವಳ ಬಳಿಗೆ ಬರುವಷ್ಟರಲ್ಲಿ ಸುಳ್ಳು ಹೇಳಲು ನಲವತ್ತು ಹೆಜ್ಜೆ ಸಮಯವಿತ್ತು. ಸುಳ್ಳು ಸಿದ್ಧವಾಗಿಯೂ ಇತ್ತು. ಸೊಪ್ಪು ಹೆಚ್ಚಾಯಿತು, ಪಿತ್ತವಾಯಿತು ಎಂದರೆ ಮುಗಿಯುತ್ತಿತ್ತು. ಅವಳು ಆ ರಾತ್ರಿಯೂ ನನ್ನ ಕೈಯಲ್ಲಿ ಉಣ್ಣುತ್ತಿದ್ದಳು. ಆದರೆ ಆ ಕಾಲು ಇಟ್ಟುಕೊಂಡು ನನಗೆ ಸುಳ್ಳು ಹೇಳಲಾಗಲಿಲ್ಲ.

"ನಾನೇ ಹಾಕಿದ್ದು ಅಕ್ಕಾ. ಡಾಕ್ಟ್ರು ಕೊಟ್ಟ ಔಷಧಿ. ದಿನಾ ಬೆಳಿಗ್ಗೆ ನಿನ್ನ ಕಾಫಿಗೆ ಹಾಕ್ತಿದ್ದೆ."

"ಪುತ್ತರಿಯಿಂದ?"

"ಹೂಂ."

ಕಿರುಚುತ್ತಾಳೆ, ಓಡುತ್ತಾಳೆ, ಗೇಟು ದಾಟಿ ರಸ್ತೆಗೆ ಇಳಿಯುತ್ತಾಳೆ ಎಂದು ನಾನು ತಯಾರಾಗಿದ್ದೆ. ಅವಳು ಕಣದ ಕಟ್ಟೆಯ ಮೇಲೆ ಕುಳಿತಳು. ಎರಡು ಅಂಗೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡಳು. ತೊಳೆಯಲು ಹೋಗಲಿಲ್ಲ.

"ಇನ್ನೊಂದು ಕಾಯಿಲೆ ಬಂತು ಅಂತ ಹೆದ್ರಿದ್ದೆ," ಎಂದಳು. "ಹೇಳಿದ್ರೆ ಮತ್ತೆ ಜೀಪು ತರಿಸ್ತೀಯ ಅಂತ ಹೇಳ್ಲಿಲ್ಲೆ. ನಿಂಗೆ ಕಾಣ್ಬಾರ್ದು ಅಂತ ಕಣಕ್ಕೆ ಬರ್ತಿದ್ದೆ."

"ತಪ್ಪಾಯ್ತು ಅಕ್ಕಾ."

"ರಾತ್ರಿ ಆ ಮಾತೆಲ್ಲ ನಿಂತಿತ್ತಲ್ಲ, ಅದೂ ಅದ್ರಿಂದಲಾ?"

ಹೌದು ಎಂದೆ.

"ನಾನೇ ಗುಣ ಮಾಡ್ಕೊಂಡೆ ಅಂತ ಇದ್ದೆ," ಎಂದಳು. "ದಿನಾ ಮನಸ್ಸಿಗೆ ಹೇಳಿ ಹೇಳಿ ನಿಲ್ಸಿದೆ ಅಂದ್ಕೊಂಡಿದ್ದೆ. ಮದ್ವೆ ಮನೆಗೆ ಹೋದದ್ದು ಸಹ ಹಂಗೇ ಅಂದ್ಕೊಂಡಿದ್ದೆ."

ಬೈದಿದ್ದರೆ ಸುಲಭವಿತ್ತು. ನಾನು ಬೈಗುಳಕ್ಕೆ ಹೆದರುವವಳಲ್ಲ, ಮರಳಿ ಎರಡು ಕೊಡುವವಳು. ಅವಳು ಗೆದ್ದೆ ಎಂದುಕೊಂಡದ್ದು ಬದುಕಿನಲ್ಲಿ ಅದೊಂದೇ. ಅದನ್ನೂ ಈಗ ನಾನು ಕಿತ್ತುಕೊಂಡಿದ್ದೆ. ನಡೆಯುತ್ತಲೇ ಅತ್ತೆ.

ಸ್ವಲ್ಪ ಹೊತ್ತಿನ ಮೇಲೆ, ಇದು ಯಾವಾಗ ಹೋಗುತ್ತದೆ ಎಂದು ಕೇಳಿದೆ. ಕೇಳಲು ಬೇರೆ ಯಾರೂ ಇರಲಿಲ್ಲ.

"ಮೂರು ಗಂಟೆಗೆ ಕಡಿಮೆ ಆಗ್ತದೆ. ನಡುವೆ ನೀರು ಕುಡಿ. ಗೋಡೆ ಹಿಡ್ಕೊಂಡು ತಿರುಗು, ತಲೆ ಸುತ್ತೋದಿಲ್ಲೆ."

ಆಗ ಹನ್ನೊಂದೂಕಾಲು. ಅವಳು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಕಟ್ಟೆಯ ಮೇಲಿಟ್ಟಳು, ಮತ್ತೆ ಅಲ್ಲೇ ಕುಳಿತಳು. ಅವ್ವ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದಳು. ಮೂರಕ್ಕಲ್ಲ, ನಾಲ್ಕೂವರೆಗೆ ನನ್ನ ಕಾಲು ಸುಮ್ಮನಾಯಿತು, ದುಪ್ಪಟ್ಟು ತಿಂದಿದ್ದೆನಲ್ಲ. ಅಕ್ಕ ಅಲ್ಲಿಯವರೆಗೂ ಏಳಲಿಲ್ಲ. ಎದ್ದ ಮೇಲೆ ಕೈ ಚಾಚಿದಳು. ಬಾಟಲಿ ಕೊಟ್ಟೆ. ಅದರ ಮೇಲೆ ಡಾಕ್ಟರ ಹೆಸರಿದ್ದ ಚೀಟಿ ಓದಿದಳು.

"ಈ ಡಾಕ್ಟ್ರ ಹತ್ರ ನಾ ಹೋಗ್ಬೇಕು," ಎಂದಳು.

ಆ ರಾತ್ರಿ ಅವಳು ನನ್ನ ಅನ್ನ ಮುಟ್ಟಲಿಲ್ಲ. ನಾನು ಒಂಬತ್ತು ದಿನಗಳ ಲೆಕ್ಕ ಶುರುಮಾಡಿದೆ. ಆದರೆ ಅವಳೇ ಒಂದು ಸಣ್ಣ ಪಾತ್ರೆಯಲ್ಲಿ ಗಂಜಿ ಬೇಯಿಸಿಕೊಂಡು, ನನಗೆ ಬೆನ್ನು ಹಾಕಿ ಕುಳಿತು ಉಂಡಳು. ಮರುದಿನವೂ ಹಾಗೆಯೇ. ಉಣ್ಣುತ್ತಾಳಲ್ಲ ಎಂದು ನೆಮ್ಮದಿಪಡಬೇಕಿತ್ತು. ಆ ಬೆನ್ನು ನೋಡುತ್ತಾ ನನಗೆ ಅನ್ನ ಇಳಿಯಲಿಲ್ಲ.

ಎರಡು ದಿನ ಬಿಟ್ಟು ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳ ಬೆರಳುಗಳು ಸೀಟಿನ ಕಂಬಿಯ ಮೇಲೆ ಓಡುತ್ತಿದ್ದವು, ಮೂರು ಸಲ ಇಳಿಯುವ ಎಂದಳು, ಇಳಿಯಲಿಲ್ಲ. ಡಾಕ್ಟರ ಕೋಣೆಯ ಹೊರಗೆ ಹೆಸರು ಕರೆದಾಗ ಅಭ್ಯಾಸದಂತೆ ನಾನು ಪುಸ್ತಕ ಹಿಡಿದು ಎದ್ದೆ.

"ನೀ ಇಲ್ಲೇ ಕೂತ್ಕೊ," ಎಂದಳು ಅಕ್ಕ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹನ್ನೊಂದು ವರ್ಷದಲ್ಲಿ ಅವಳ ಬಗ್ಗೆ ಮಾತಾಡುವ ಕೋಣೆಯಿಂದ ನಾನು ಹೊರಗುಳಿದದ್ದು ಅದೇ ಮೊದಲು. ಒಳಗಿನಿಂದ ಅವಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಎದ್ದು ಬಾಗಿಲ ಬಳಿಗೆ ಹೋದೆ, ಮತ್ತೆ ಬಂದು ಕುಳಿತೆ, ಮತ್ತೆ ಎದ್ದೆ. ಪಕ್ಕದಲ್ಲಿದ್ದ ಹೆಂಗಸು ಕಾಲು ಒಳಗೆ ಎಳೆದುಕೊಂಡು ನನಗೆ ದಾರಿ ಬಿಟ್ಟಳು. ಮುಕ್ಕಾಲು ಗಂಟೆ ಕಳೆದು ಅಕ್ಕ ಹೊರಗೆ ಬಂದಳು. ಕೈಯಲ್ಲಿ ಹೊಸ ಚೀಟಿ ಇತ್ತು. ಅದನ್ನು ನನಗೆ ಕೊಡಲಿಲ್ಲ, ಮಡಿಚಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು.

"ಎಂತ ಹೇಳಿದ್ರು?" ಎಂದು ಕೇಳಿದೆ.

"ಕಾಲಿನದ್ದು ಹೇಳಿದೆ. ಬೇರೆ ಔಷಧಿ ಕೊಟ್ರು," ಎಂದಳು. ಮೆಟ್ಟಿಲು ಇಳಿಯುತ್ತಾ, ನನ್ನ ಕಡೆ ತಿರುಗದೆ ಹೇಳಿದಳು: "ಹೇಳಿದ್ರೆ ಬದಲಾಯಿಸ್ತಾರೆ ರಶ್ಮಿ. ಅಷ್ಟೇ ಇದ್ದದ್ದು."